ಎಲ್ಲವನ್ನೂ ಚಾಪೆಕ್ ತಲೆಗೇ ಕಟ್ಟಬೇಡಿ

ಡಿಸ್ನಿ ಕಂಪನಿಯ ಮಾಜಿ ಸಿಇಒ ಬಾಬ್ ಚಾಪೆಕ್ ಹೆಸರು ಎತ್ತಿದರೆ ಸಾಕು, ಡಿಸ್ನಿ ಅಭಿಮಾನಿಗಳು ಈಗಲೂ ಉರಿದು ಬೀಳುತ್ತಾರೆ. ಕೊರೋನಾ ನೆಪದಲ್ಲಿ ಡಿಸ್ನಿಯ ಥೀಮ್ ಪಾರ್ಕ್‌ಗಳನ್ನು ಹಾಳು ಮಾಡಿದರು, ಎಲ್ಲದಕ್ಕೂ ದುಡ್ಡು ಕಿತ್ತರು, ಕೊನೆಗೆ ಅವರಿಗಿಂತ ಮುಂಚೆ ಸಿಇಒ ಆಗಿದ್ದ ಬಾಬ್ ಐಗರ್ ವಾಪಸ್ ಬಂದು ಕಂಪನಿ ಉಳಿಸಿದರು ಅನ್ನೋದು ಎಲ್ಲರ ಬಾಯಲ್ಲಿರುವ ಕಥೆ. ಒಬ್ಬ ಹೀರೋ, ಒಬ್ಬ ವಿಲನ್. ಕೇಳೋಕೆ ಚೆನ್ನಾಗಿದೆ. ನನಗೆ ಮಾತ್ರ ಇದು ಒಪ್ಪಿಗೆಯಾಗಲ್ಲ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಮೊದಲು ಪ್ರಶ್ನೆ ಕೇಳಬೇಕಾದದ್ದು ಆ ಹೀರೋನನ್ನೇ.

2020ರ ಜನವರಿ 25ಕ್ಕೆ ಶಾಂಘೈ ಪಾರ್ಕ್ ಮುಚ್ಚಿತು. ಮರುದಿನ ಹಾಂಗ್‌ಕಾಂಗ್. ಚೀನಾದಲ್ಲಿ ಏನಾಗುತ್ತಿದೆ ಅಂತ ಡಿಸ್ನಿಗೆ ಗೊತ್ತಿರಲಿಲ್ಲ ಅನ್ನೋ ಹಾಗೇ ಇಲ್ಲ. ಅಂಥ ಹೊತ್ತಲ್ಲಿ, ಫೆಬ್ರವರಿ 25ರಂದು, ಐಗರ್ ಸಿಇಒ ಕುರ್ಚಿಯಿಂದ ದಿಢೀರ್ ಅಂತ ಎದ್ದರು. ಪಾರ್ಕ್ ವಿಭಾಗ ನೋಡಿಕೊಳ್ಳುತ್ತಿದ್ದ ಚಾಪೆಕ್ ಬಂದು ಕೂತರು. ಮೂರು ವಾರ ಕಳೆಯುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್, ಫ್ಲಾರಿಡಾದ ಡಿಸ್ನಿ ವರ್ಲ್ಡ್ ಎರಡಕ್ಕೂ ಬೀಗ ಬಿತ್ತು.

ಪಾರ್ಕ್ ವ್ಯವಹಾರದ ಕಷ್ಟ ಬೇರೆಯೇ ತರಹದ್ದು. ಇವತ್ತಿನ ಸೀಟನ್ನು ನಾಳೆ ಮಾರೋಕಾಗಲ್ಲ. ಸಿನಿಮಾ ಆದರೆ ಎತ್ತಿಟ್ಟು ಮುಂದಿನ ವರ್ಷ ಬಿಡುಗಡೆ ಮಾಡಬಹುದು. ರೋಲರ್ ಕೋಸ್ಟರ್ ಇವತ್ತು ಖಾಲಿ ನಿಂತರೆ ಇವತ್ತಿನ ದುಡ್ಡು ಹೋದ ಹಾಗೇ. ಖರ್ಚು ಮಾತ್ರ ನಿಲ್ಲಲ್ಲ. ಗೇಟು ಮುಚ್ಚಿದೆ ಅಂತ ಡಿಸ್ನಿ ವರ್ಲ್ಡ್‌ನ ಪ್ರಾಣಿಗಳ ಪಾರ್ಕ್ ಅನಿಮಲ್ ಕಿಂಗ್‌ಡಮ್‌ನ ಆನೆ ಮೇವು ಬಿಡುತ್ತಾ? ಯಂತ್ರಗಳಿಗೆ ಎಣ್ಣೆ ಬೀಳಲೇಬೇಕು, ಗಿಡಗಳಿಗೆ ನೀರು ಹೋಗಲೇಬೇಕು.

ಅಂಕಿ ನೋಡಿ. 2019ರಲ್ಲಿ ಪಾರ್ಕ್, ಹೋಟೆಲ್, ವಿಹಾರದ ಹಡಗು, ಆಟಿಕೆ ಎಲ್ಲ ಸೇರಿದ ಈ ವಿಭಾಗ ಡಿಸ್ನಿಗೆ ತಂದ ಕಾರ್ಯಾಚರಣೆ ಲಾಭ ಸುಮಾರು 680 ಕೋಟಿ ಡಾಲರ್. ಇಡೀ ಕಂಪನಿಯ ಲಾಭದಲ್ಲಿ ಹತ್ತಿರಹತ್ತಿರ ಅರ್ಧ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಇದೇ ವಿಭಾಗದ ಆದಾಯ 85% ಬಿದ್ದುಹೋಯಿತು. ಸೀಡರ್ ಫೇರ್ ಅಂತ ಇನ್ನೊಂದು ದೊಡ್ಡ ಪಾರ್ಕ್ ಕಂಪನಿ. 2019ರಲ್ಲಿ 2.79 ಕೋಟಿ ಜನ ಬಂದಿದ್ದ ಅವರ ಪಾರ್ಕ್‌ಗಳಿಗೆ 2020ರಲ್ಲಿ ಬಂದವರು ಬರೀ 26 ಲಕ್ಷ. ಇಂಥ ಹೊಡೆತಕ್ಕೆ ಯಾರೇ ಕುರ್ಚಿಯಲ್ಲಿದ್ದರೂ ಖರ್ಚು ಕಡಿತ ಮಾಡಲೇಬೇಕಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರೋದು ಆ ಕುರ್ಚಿಯ ಬಗ್ಗೆ. ಐಗರ್ ಸಿಇಒ ಪಟ್ಟ ಬಿಟ್ಟರೇ ಹೊರತು ಕಂಪನಿ ಬಿಡಲಿಲ್ಲ. ಎಕ್ಸಿಕ್ಯೂಟಿವ್ ಚೇರ್ಮನ್ ಆಗಿ, ಅಂದರೆ ನಿರ್ದೇಶಕರ ಬೋರ್ಡಿನ ಮುಖ್ಯಸ್ಥರಾಗಿ ಉಳಿದರು, ಸಿನಿಮಾ, ಸೀರಿಯಲ್‌ಗಳಂಥ ಸೃಜನಶೀಲ ಕೆಲಸ ತನ್ನ ಕೈಯಲ್ಲೇ ಅಂದರು. ಏಪ್ರಿಲ್ ಮಧ್ಯದಷ್ಟರಲ್ಲಿ, ಕಂಪನಿ ನಡೆಸೋಕೆ ಐಗರ್ ಮತ್ತೆ ಇಳಿದಿದ್ದಾರೆ ಅಂತ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಅದಾದ ಕೆಲವೇ ದಿನಕ್ಕೆ ಬೋರ್ಡ್ ಚಾಪೆಕ್ ಅವರಿಗೆ ನಿರ್ದೇಶಕ ಸ್ಥಾನ ಕೊಟ್ಟಿತು. ಅಂದರೆ ಅಲ್ಲಿವರೆಗೆ ಸಿಇಒಗೆ ಬೋರ್ಡಲ್ಲಿ ಸೀಟೇ ಇರಲಿಲ್ಲ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಇಲ್ಲಿ ಅತ್ತೆ ಬೀಗದ ಕೈ ಕೊಟ್ಟು, ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂತರು.

ಇದು ಡಿಸ್ನಿ ಒಂದರ ಕಥೆ ಅಲ್ಲ. ಸೀವರ್ಲ್ಡ್ ಅನ್ನೋ ಮತ್ತೊಂದು ಪಾರ್ಕ್ ಕಂಪನಿಯಲ್ಲೂ ಅದೇ ಏಪ್ರಿಲ್‌ನಲ್ಲಿ ಸಿಇಒ ರಾಜೀನಾಮೆ ಕೊಟ್ಟರು. ಬಂದು ಐದು ತಿಂಗಳಾಗಿತ್ತಷ್ಟೇ. ಕಾರಣ, ನಿರ್ಧಾರಗಳಲ್ಲಿ ಬೋರ್ಡ್ ಕೈಹಾಕುವ ಬಗ್ಗೆ ಭಿನ್ನಾಭಿಪ್ರಾಯ. 90%ಕ್ಕೂ ಜಾಸ್ತಿ ನೌಕರರನ್ನು ಸಂಬಳವಿಲ್ಲದ ರಜೆಗೆ ಕಳಿಸಿದ ಕಂಪನಿಯಲ್ಲಿ, ಮೇಲೆ ನಡೆಯುತ್ತಿದ್ದದ್ದು ಇದು.

ಸಂಬಳದ ವಿಷಯ ಬಂತಲ್ವಾ, ಅದನ್ನೂ ಹೇಳಿಬಿಡ್ತೀನಿ. ಡಿಸ್ನಿ ಕೂಡ ಏಪ್ರಿಲ್‌ನಲ್ಲಿ ಸುಮಾರು ಒಂದು ಲಕ್ಷ ಜನರನ್ನು ಹೀಗೇ ರಜೆ ಮೇಲೆ ಕಳಿಸಿತು. ಆರೋಗ್ಯ ವಿಮೆ ಮುಂದುವರಿಸಿದರು, ಅದಕ್ಕೆ ಮೆಚ್ಚಬೇಕು. ಐಗರ್ ತಮ್ಮ ಸಂಬಳ ಪೂರ್ತಿ ಬಿಟ್ಟರು, ಚಾಪೆಕ್ ಅರ್ಧ ಬಿಟ್ಟರು. ಪತ್ರಿಕೆಗಳು ಶಹಬ್ಬಾಸ್ ಅಂದವು. ಆದರೆ ಹಿಂದಿನ ವರ್ಷ ಐಗರ್‌ಗೆ ಸಿಕ್ಕಿದ್ದು ಒಟ್ಟು 4.75 ಕೋಟಿ ಡಾಲರ್. ಅದರಲ್ಲಿ ಮೂಲ ಸಂಬಳ ಬರೀ 30 ಲಕ್ಷ. ಉಳಿದದ್ದು ಬೋನಸ್, ಷೇರು ಇತ್ಯಾದಿ. ವಾಲ್ಟ್ ಡಿಸ್ನಿಯವರ ಅಣ್ಣನ ಮೊಮ್ಮಗಳು ಅಬಿಗೇಲ್ ಡಿಸ್ನಿ ಇದನ್ನೇ ಹಿಡಿದು ಟ್ವಿಟರ್‌ನಲ್ಲಿ ಝಾಡಿಸಿದ್ದರು. ಆಗಸ್ಟ್‌ನಲ್ಲಿ ಮೇಲಿನವರ ಸಂಬಳ ಮೊದಲಿನಂತಾಯಿತು. ಸೆಪ್ಟೆಂಬರ್ 29ಕ್ಕೆ 28,000 ಜನರನ್ನು ತೆಗೆಯುತ್ತೇವೆ ಅಂತ ಪ್ರಕಟಣೆ ಬಂತು. ಅವರಲ್ಲಿ ಮೂರನೇ ಎರಡು ಪಾಲು ಪಾರ್ಟ್‌ಟೈಮ್ ಕೆಲಸಗಾರರು. ನವೆಂಬರ್‌ನಲ್ಲಿ ಆ ಸಂಖ್ಯೆ 32,000ಕ್ಕೆ ಏರಿತು. ಆಗಸ್ಟ್, ಸೆಪ್ಟೆಂಬರ್‌ನ ಈ ಅನುಕ್ರಮ ಇದೆಯಲ್ಲ, ಇದಕ್ಕೆ ನನ್ನ ಪ್ರಕಾರ ಕ್ಷಮೆ ಇಲ್ಲ. ಉಳಿಯುವ ದುಡ್ಡು ಚಿಲ್ಲರೆ ಇರಬಹುದು. ಆದರೂ ಕೆಳಗಿನವರನ್ನು ಮನೆಗೆ ಕಳಿಸುವ ಹೊತ್ತಲ್ಲಿ ಮೇಲಿನವರು ತಮ್ಮ ತಟ್ಟೆ ತುಂಬಿಸಿಕೊಳ್ಳಬಾರದಿತ್ತು. ಇದರಲ್ಲಿ ಚಾಪೆಕ್ ಪಾಲೂ ಇದೆ, ಐಗರ್ ಪಾಲೂ ಇದೆ.

ಇಷ್ಟರ ಮಧ್ಯೆಯೂ ಪಾರ್ಕ್ ತೆರೆಯುವ ಕೆಲಸವನ್ನು ಚಾಪೆಕ್ ಮತ್ತು ಅವರ ತಂಡ ಅಚ್ಚುಕಟ್ಟಾಗಿ ಮಾಡಿತು. ಇದನ್ನು ಯಾರೂ ಹೇಳಲ್ಲ. ಮೇ 11ಕ್ಕೆ ಶಾಂಘೈ ತೆರೆಯಿತು. ಸರ್ಕಾರ ಕೊಟ್ಟ ಮಿತಿ 30%, ದಿನಕ್ಕೆ 24,000 ಜನ. ಡಿಸ್ನಿ ಅದಕ್ಕಿಂತಲೂ ಕಮ್ಮಿ ಜನರಿಂದ ಶುರು ಮಾಡಿತು. ಜುಲೈ 11ಕ್ಕೆ ಫ್ಲಾರಿಡಾ. ಮರುದಿನವೇ ಆ ರಾಜ್ಯದಲ್ಲಿ 15,000ಕ್ಕೂ ಹೆಚ್ಚು ಹೊಸ ಕೇಸ್. ಈ ಹೊತ್ತಲ್ಲಿ ತೆರೀತಾರಾ ಅಂತ ಎಲ್ಲರೂ ಬೈದರು. ಒಳಗೆ ಹೋದವರು ನೋಡಿದ್ದು ಬೇರೆ. ಮುಂಗಡ ಬುಕಿಂಗ್ ಇಲ್ಲದೆ ಪ್ರವೇಶ ಇಲ್ಲ. ಪಟಾಕಿ ಪ್ರದರ್ಶನ ಬಂದ್. ಮಿಕ್ಕಿಯನ್ನು ತಬ್ಬಿಕೊಳ್ಳುವ ಹಾಗಿಲ್ಲ. ಮೆರವಣಿಗೆಯನ್ನೂ ತುಂಡು ಮಾಡಿದ್ದರು. ಒಂದು ಸಣ್ಣ ರಥ ಸಮಯ ಹೇಳದೆ ಬರುತ್ತೆ, ಜನ ಗುಂಪು ಸೇರುವ ಮೊದಲೇ ಹೊರಟುಹೋಗುತ್ತೆ. ರೈಡ್‌ನಲ್ಲಿ ಮಾಸ್ಕ್ ಕೆಳಗಿಳಿಸಿ ಕಿರುಚಿದರೆ ನಿಮ್ಮ ಫೋಟೋ ನಿಮಗೆ ಸಿಗಲ್ಲ. ಪಕ್ಕದ ಡಿಸ್ನಿ ಸ್ಪ್ರಿಂಗ್ಸ್ ಅಂಗಡಿ ಬೀದಿಯಲ್ಲಂತೂ ಸ್ಟಾರ್ ವಾರ್ಸ್‌ನ ಬಿಳಿ ಕವಚದ ಸೈನಿಕರು ಬಾಲ್ಕನಿಯಲ್ಲಿ ನಿಂತು, ದೂರ ದೂರ ನಿಲ್ಲಿ ಅಂತ ಜನರನ್ನು ಗದರುತ್ತಿದ್ದರು. ನಿಯಮವನ್ನೂ ಆಟ ಮಾಡಿಬಿಟ್ಟಿದ್ದರು. ಯಾರ ತಲೆಗೆ ಹೊಳೆಯಿತೋ, ಭೇಷ್!

ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಹಗ್ಗಜಗ್ಗಾಟ. ರಾಜ್ಯ ಸರ್ಕಾರ ಬಿಡಲಿಲ್ಲ. ಡಿಸ್ನಿಲ್ಯಾಂಡ್ ಮತ್ತೆ ತೆರೆದದ್ದು 2021ರ ಏಪ್ರಿಲ್ 30ಕ್ಕೆ, 412 ದಿನಗಳ ಮೇಲೆ. ಅದಕ್ಕೂ ಮುಂಚೆ ಜನವರಿಯಲ್ಲಿ ಅಲ್ಲಿನ ಪಾರ್ಕಿಂಗ್ ಜಾಗವೇ ಲಸಿಕೆ ಕೇಂದ್ರವಾಗಿತ್ತು.

ಇನ್ನು ಚಾಪೆಕ್ ಎಡವಿದ್ದು ಎಲ್ಲಿ? ಸಂಕಟಕ್ಕೆ ಅಂತ ತಂದ ಬಿಗಿ ಸಂಕಟ ಕಳೆದ ಮೇಲೂ ಸಡಿಲವಾಗಲಿಲ್ಲ. ಬುಕಿಂಗ್ ಪದ್ಧತಿ ಉಳಿಯಿತು. ರೈಡ್‌ಗಳ ಉದ್ದ ಕ್ಯೂ ತಪ್ಪಿಸಲು ಫ್ಲಾರಿಡಾದಲ್ಲಿ ಬಿಟ್ಟಿ ಸಿಗುತ್ತಿದ್ದ ಫಾಸ್ಟ್‌ಪಾಸ್ ಹೋಗಿ, 2021ರ ಅಕ್ಟೋಬರ್‌ನಲ್ಲಿ ದಿನಕ್ಕೆ 15 ಡಾಲರ್‌ನ ಜೀನಿ ಪ್ಲಸ್ ಬಂತು. ಮುಂದಿನ ತಿಂಗಳು ಕಂಪನಿಯ ಹಣಕಾಸು ಮುಖ್ಯಸ್ಥೆ, ಊಟದ ಪ್ರಮಾಣ ಕಮ್ಮಿ ಮಾಡಬಹುದು, ಕೆಲವರ ಸೊಂಟದ ಸುತ್ತಳತೆಗೂ ಒಳ್ಳೆಯದೇ ಅನ್ನುವ ಅರ್ಥದ ಮಾತಾಡಿದರು. ದುಡ್ಡು ಕೊಟ್ಟು ಬರುವ ಗಿರಾಕಿಗೆ ಯಾರಾದರೂ ಹೀಗೆ ಹೇಳ್ತಾರಾ? ಇದನ್ನೆಲ್ಲ ಅಭಿಮಾನಿಗಳು ಮರೆಯಲಿಲ್ಲ. ಮರೆಯಬೇಕಾಗಿಯೂ ಇಲ್ಲ.

ಆದರೆ ಒಂದು ನೆನಪಿಡಿ. ಜೀನಿ ಪ್ಲಸ್ ಬಂದಾಗ ಬೋರ್ಡಿನ ಚೇರ್ಮನ್ ಯಾರು? ಐಗರ್. ಅವರು ಹೊರಬಿದ್ದದ್ದು ಆ ವರ್ಷದ ಕೊನೆಗೆ. ಮುಂದೆ 2022ರ ಜೂನ್‌ನಲ್ಲಿ ಬೋರ್ಡ್ ಒಮ್ಮತದಿಂದ ಚಾಪೆಕ್ ಅವರನ್ನು ಮತ್ತೆ ಮೂರು ವರ್ಷಕ್ಕೆ ಮುಂದುವರಿಸಿತು. ಐದು ತಿಂಗಳೂ ಆಗಿರಲಿಲ್ಲ, ನವೆಂಬರ್ 20ರ ಭಾನುವಾರ ರಾತ್ರಿ ಅದೇ ಬೋರ್ಡ್ ಅವರನ್ನು ತೆಗೆದು ಐಗರ್‌ರನ್ನು ಕರೆತಂದಿತು. ತಮಾಷೆ ಅಂದ್ರೆ ಆ ವರ್ಷ ಪಾರ್ಕ್ ವಿಭಾಗದ ಲಾಭ 790 ಕೋಟಿ ಡಾಲರ್, ಕೊರೋನಾಕ್ಕೆ ಮುಂಚಿನದಕ್ಕಿಂತ ಜಾಸ್ತಿ. ತೂತು ಬಿದ್ದದ್ದು ಡಿಸ್ನಿ ಪ್ಲಸ್‌ನಂಥ ಸ್ಟ್ರೀಮಿಂಗ್‌ನಲ್ಲಿ. ಒಂದೇ ತ್ರೈಮಾಸಿಕದಲ್ಲಿ ಸುಮಾರು 150 ಕೋಟಿ ಡಾಲರ್ ನಷ್ಟ. ಆ ಡಿಸ್ನಿ ಪ್ಲಸ್ ಶುರುವಾಗಿದ್ದು 2019ರ ನವೆಂಬರ್‌ನಲ್ಲಿ, ಐಗರ್ ಕಾಲದಲ್ಲಿ, ಅವರದ್ದೇ ಕನಸಾಗಿ.

ವಾಪಸ್ ಬಂದ ಐಗರ್ 2023ರ ಜನವರಿಯಲ್ಲಿ ಹೋಟೆಲ್ ಅತಿಥಿಗಳಿಗೆ ರಾತ್ರಿ ಪಾರ್ಕಿಂಗ್ ಬಿಟ್ಟಿ ಮಾಡಿದರು, ಇನ್ನೂ ಒಂದೆರಡು ಸಡಿಲಿಕೆ ಕೊಟ್ಟರು. ಅಭಿಮಾನಿಗಳು ಕುಣಿದಾಡಿದರು. ಜೀನಿ ಪ್ಲಸ್ ಮಾತ್ರ ಹೋಗಲಿಲ್ಲ, 2024ರಲ್ಲಿ ಹೆಸರು ಬದಲಾಯಿತಷ್ಟೇ. ಅದೇ ವರ್ಷ ಕ್ಯೂ ತಪ್ಪಿಸಲು ಇನ್ನೊಂದು ದುಬಾರಿ ಪಾಸ್ ಬಂತು, ಫ್ಲಾರಿಡಾದಲ್ಲಿ ಒಬ್ಬರಿಗೆ ದಿನಕ್ಕೆ 449 ಡಾಲರ್‌ವರೆಗೆ. ಪಾರ್ಕ್ ಟಿಕೆಟ್ ದುಡ್ಡು ಬೇರೆ. 15 ಡಾಲರ್‌ಗೆ ಚಾಪೆಕ್‌ಗೆ ಹಿಡಿಶಾಪ ಹಾಕಿದವರು ಇದಕ್ಕೆ ಏನಂತಾರೋ, ಕಾಮೆಂಟಲ್ಲಿ ಹೇಳಿ.