ಕೈಲೆ ಬರೆದದ್ದೋ, ಕಂಪ್ಯೂಟರ್‌ದೋ? ಚೀಟಿಯಲ್ಲಿ ಬರೆದುಬಿಡಿ

ಧಾರವಾಡದಲ್ಲಿ ಈಗ ಒಂದು ಏಕವ್ಯಕ್ತಿ ಚಿತ್ರಕಲಾ ಪ್ರದರ್ಶನ ನಡೆದಿದೆ. ಕಲಾವಿದರು ಪರಿಚಯದವರು. "ಹೆಸರು ಹಾಕಿ ಟ್ಯಾಗ್ ಮಾಡಬ್ಯಾಡ್ರಿ" ಎಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಚಿತ್ರಗಳು ಚೆನ್ನಾಗಿವೆ. ನನ್ನ ತಕರಾರು ಪಕ್ಕದಲ್ಲಿ ಅಂಟಿಸಿದ ಚೀಟಿಗಳದ್ದು. ಎಲ್ಲದರಲ್ಲೂ "ಮಿಶ್ರ ಮಾಧ್ಯಮ" (ಅಂದರೆ ಒಂದಕ್ಕಿಂತ ಹೆಚ್ಚು ಸಾಮಗ್ರಿ ಸೇರಿಸಿ ಮಾಡಿದ್ದು) ಎಂದಷ್ಟೇ ಇದೆ.

ಗೋಡೆಯ ಮೇಲಿರುವುದು ಮೂರು ಬಗೆಯ ಕೆಲಸ. ಕೆಲವು ಪೂರ್ತಿ ಟ್ಯಾಬ್ಲೆಟ್‌ನಲ್ಲೇ ಬರೆದು ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿದವು. ಕೆಲವಕ್ಕೆ ಟ್ಯಾಬ್ಲೆಟ್‌ನ ಸ್ಕೆಚ್ಚನ್ನು ಪ್ರೊಜೆಕ್ಟರ್‌ನಿಂದ ಕ್ಯಾನ್ವಾಸ್ ಮೇಲೆ ಬಿಟ್ಟು, ಗೆರೆ ಎಳೆದುಕೊಂಡು, ಎಣ್ಣೆ ಬಣ್ಣ ತುಂಬಿದ್ದಾರೆ. ನನಗೆ ಇವೇ ಸಪ್ಪೆ ಅನಿಸಿದವು. ಗೆರೆ ಮೊದಲೇ ಗೊತ್ತಿದ್ದರೆ ಕುಂಚಕ್ಕೆ ಕೆಲಸವೇ ಉಳಿಯುವುದಿಲ್ಲ, ಅಲ್ವಾ?

ಮೂರನೆಯದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಸರಣಿ: ಮೊದಲು ಪ್ರಿಂಟ್, ಅದರ ಮೇಲೆ ಕೈಯಿಂದ ಬಣ್ಣ. ಪ್ರದರ್ಶನದ ಜೀವ ಇರುವುದು ಇಲ್ಲಿ. ಟ್ಯಾಬ್ಲೆಟ್‌ನ ಪರದೆ ಬಣ್ಣ ಕೂಡಿಸುವುದು ಬೆಳಕಿನಿಂದ: ಕೆಂಪು, ಹಸಿರು, ನೀಲಿ. ಪ್ರಿಂಟರ್ ಕೂಡಿಸುವುದು ಶಾಯಿಯಿಂದ: ಸಯಾನ್, ಮಜೆಂತಾ, ಹಳದಿ, ಕಪ್ಪು. ಪರದೆಯ ಮೇಲೆ ಧಗಧಗ ಉರಿಯುವ ಕೆಂಪು ಪ್ರಿಂಟಿಗೆ ಬಂದಾಗ ಮಂಕಾಗುತ್ತದೆ. ಬ್ಯಾಡಗಿ ಕಾಯಿಗೆ ಹೆಸರು ಬಂದಿದ್ದೇ ಖಾರಕ್ಕಿಂತ ಜಾಸ್ತಿ ಬಣ್ಣದಿಂದ. ಅದನ್ನೇ ಮಂಕಾಗಿಸಿದರೆ ಏನು ಉಳಿಯಿತು?

ಇವರು ಆ ಕೊರತೆಯನ್ನೇ ಬಳಸಿಕೊಂಡಿದ್ದಾರೆ. ದೂರದ ರಾಶಿಗಳು, ಧೂಳು, ಚೀಲ ಹೊತ್ತ ಹಮಾಲರು ಎಲ್ಲ ಪ್ರಿಂಟ್‌ನಲ್ಲೇ ಮಂಕಾಗಿ ಉಳಿದಿದ್ದಾರೆ. ಅದರ ಮೇಲೆ ಶಾಯಿ ಕದಡದಂತೆ ಒಂದು ಪಾರದರ್ಶಕ ಲೇಪ. ಆಮೇಲೆ ಹತ್ತಿರದ ರಾಶಿಗೆ ಕ್ಯಾಡ್ಮಿಯಂ ಕೆಂಪು ಎಂಬ ಗಾಢ ಅಕ್ರಿಲಿಕ್ ಬಣ್ಣ, ಬಣ್ಣ ಹಚ್ಚುವ ಚಾಕುವಿನಿಂದ ದಪ್ಪಗೆ. ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುವ ಹೆಂಗಸರ ಕೈಗಳೂ ಬಣ್ಣದಲ್ಲೇ ಎದ್ದಿವೆ, ಮುಖಗಳು ಪ್ರಿಂಟ್‌ನಲ್ಲೇ ಇವೆ. ಬದಿಗೆ ನಿಂತು ನೋಡಿ, ಹೆಂಗಸರಲ್ಲಿ ಕೆಲಸ ಮಾಡುವ ಕೈ ಮಾತ್ರ ಕ್ಯಾನ್ವಾಸಿನಿಂದ ಮುಂದೆ ಬಂದಿರುತ್ತದೆ. ಪ್ರಿಂಟ್ ಒಂದರಿಂದಲೋ ಬಣ್ಣ ಒಂದರಿಂದಲೋ ಇದು ಆಗುತ್ತಿರಲಿಲ್ಲ.

ಇಷ್ಟು ಒಳ್ಳೆ ವಿಷಯವನ್ನು ಚೀಟಿಯಲ್ಲಿ ಯಾಕೆ ಮುಚ್ಚಿಡಬೇಕು?

ನಾನಿದ್ದಾಗ ಹಿರಿಯರೊಬ್ಬರು ನೇರವಾಗಿ ಕೇಳಿದರು: "ಇದು ಕೈಲೆ ಬರದದ್ದೋ, ಕಂಪ್ಯೂಟರ್‌ನ್ಯಾಗ ಮಾಡಿದ್ದೋ?" ಅಲ್ಲಿದ್ದ ಹುಡುಗರು ನಕ್ಕರು. ನಗುವಂಥ ಪ್ರಶ್ನೆ ಅಲ್ಲ ಅದು. ಚಿತ್ರಕಾರ ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದ ಊರು ಇದು. ಪಕ್ಕದ ಗದಗಿನಲ್ಲಿ ಟಿ.ಪಿ. ಅಕ್ಕಿಯವರ ಚಿತ್ರಕಲಾ ಶಾಲೆ, ವಿಜಯ ಕಲಾ ಮಂದಿರ. ಈ ಕಡೆಯ ಜನ ಚಿತ್ರದ ಮುಂದೆ ನಿಂತು "ಹೆಂಗ ಮಾಡ್ಯಾರ" ಎಂದು ಕೇಳಿದರೆ ಅದಕ್ಕೆ ಉತ್ತರ ಕೊಡಬೇಕು.

ಯಂತ್ರ ಮುಟ್ಟಿದರೆ ಕಲೆಯ ಬೆಲೆ ಇಳಿಯುತ್ತದೆ ಎಂಬ ಅಂಜಿಕೆ ಇರಬಹುದು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುಮಾಡಿದರು. ಅಲ್ಲಿ ಅಚ್ಚಾದ ಲಕ್ಷ್ಮಿ, ಸರಸ್ವತಿಯರು ದೇಶದ ಎಷ್ಟೋ ಮನೆಗಳ ಗೋಡೆ ಸೇರಿದರು. ಅವು ಅಚ್ಚು ಎಂಬುದನ್ನು ಯಾರೂ ಮುಚ್ಚಿಡಲಿಲ್ಲ. ಬ್ರಿಟಿಷ್ ಚಿತ್ರಕಾರ ಡೇವಿಡ್ ಹಾಕ್ನಿ ಐಪ್ಯಾಡ್‌ನಲ್ಲಿ ಬರೆದ ಚಿತ್ರಗಳನ್ನು 2012ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ತೂಗುಹಾಕಿದಾಗ ಅವು ಐಪ್ಯಾಡ್‌ನವು ಎಂದೇ ಹೇಳಿದ್ದರು. ಅಷ್ಟೇಕೆ, ಇಂದು ನಾವು ಸಾಂಪ್ರದಾಯಿಕ ಎನ್ನುವ ಎಣ್ಣೆ ಬಣ್ಣದ ಟ್ಯೂಬ್ ಕೂಡ 1841ರಲ್ಲಿ ಪೇಟೆಂಟ್ ಆದ ಹೊಸ ಸಾಮಾನೇ.

ಇನ್ನು ದುಡ್ಡಿನ ಮಾತು. ಬಣ್ಣ ಹಚ್ಚಿದ ಕ್ಯಾನ್ವಾಸ್ ಒಂದೇ ಇರುತ್ತದೆ. ಬರೀ ಪ್ರಿಂಟ್ ಆದರೆ ಫೈಲ್ ಕಲಾವಿದರ ಬಳಿಯೇ ಉಳಿಯುತ್ತದೆ, ನಾಳೆ ಇನ್ನೊಂದು ತೆಗೆಯಬಹುದು. ತಪ್ಪೇನಿಲ್ಲ. ಆದರೆ ಒಟ್ಟು ಎಷ್ಟು ಪ್ರತಿ, ಇದು ಎಷ್ಟನೆಯದು ಎಂದು ಬರೆದು ಸಹಿ ಮಾಡುವುದು ಪ್ರಿಂಟ್ ಮಾರುವವರ ಹಳೆಯ ರೂಢಿ. ಇಲ್ಲಿ ಅದಿಲ್ಲ. ಸಂಬಳದಲ್ಲಿ ಉಳಿಸಿ ಒಂದು ಚಿತ್ರ ಕೊಳ್ಳುವ ನಮ್ಮ ಊರಿನ ಮೇಷ್ಟ್ರಿಗೆ ಇದು ಗೊತ್ತಿರಬೇಕಲ್ಲ? ಶಾಯಿ ಯಾವುದು ಎಂಬುದೂ ಬೇಕು. ಡೈ ಶಾಯಿ (ದ್ರವದಲ್ಲಿ ಕರಗಿದ ಬಣ್ಣ) ಸಾಮಾನ್ಯವಾಗಿ ಬೆಳಕಿಗೆ ಬೇಗ ಮಾಸುತ್ತದೆ, ಪಿಗ್ಮೆಂಟ್ ಶಾಯಿ (ಕರಗದ ಬಣ್ಣದ ಕಣಗಳು) ಜಾಸ್ತಿ ಬಾಳುತ್ತದೆ.

ಕಲಾವಿದರಿಗೆ ಇದನ್ನೆಲ್ಲ ಹೇಳಿದೆ. "ಚೀಟಿ ತುಂಬ ಬರದ್ರ ಜನ ಓದಿ ಹೋಗ್ತಾರ್ರೀ, ಚಿತ್ರ ನೋಡೂದಿಲ್ಲ" ಎಂದರು. ಅದರಲ್ಲಿ ಸ್ವಲ್ಪ ನಿಜ ಇದೆ. ಹಾಗಾದರೆ ಬೆಲೆಪಟ್ಟಿಯ ಹಿಂದಾದರೂ ಬರೆಯಿರಿ, ಬೇಕಾದವರು ತಿರುಗಿಸಿ ಓದುತ್ತಾರೆ ಎಂದೆ. "ನೋಡೂಣು" ಎಂದಿದ್ದಾರೆ. ನೀವು ಹೋದರೆ ಆ ಪಟ್ಟಿ ಕೇಳಿ ಇಸಿದುಕೊಳ್ಳಿ, ಕೇಳುವವರು ಹೆಚ್ಚಾದರೆ ಬರೆದಾರು.