ಕಪ್ಪಿಗೆ ಕೊಡುವ ಬೆಲೆ

ಟಿ.ವಿ. ಮಾರುವ ಅಂಗಡಿಗಳಲ್ಲಿ ಯಾರೂ ಟಿ.ವಿ. ನೋಡುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಗೋಡೆಯುದ್ದಕ್ಕೂ ತೂಗುಹಾಕಿದ ಪರದೆಗಳ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಪಂಚರಂಗಿ ಗಿಳಿಯೊಂದು ರೆಕ್ಕೆ ಬಿಚ್ಚುತ್ತಿರುತ್ತದೆ, ಜೇನುತುಪ್ಪ ನಿಧಾನವಾಗಿ ಸುರಿಯುತ್ತಿರುತ್ತದೆ, ಕಗ್ಗತ್ತಲೆಯ ಹಿನ್ನೆಲೆಯಲ್ಲಿ ಬಣ್ಣದ ಪುಡಿ ಸಿಡಿಯುತ್ತಿರುತ್ತದೆ. ನಮ್ಮ ಮನೆಯಲ್ಲಿ ಗಿಳಿಯನ್ನು ನೋಡುವವರಿಲ್ಲ. ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ ಅಪ್ಪ ವಾರ್ತೆ ನೋಡುತ್ತಾರೆ, ಸಂಜೆ ದೀಪ ಹಚ್ಚಿದ ಮೇಲೆ ಅಮ್ಮನ ಧಾರಾವಾಹಿಗಳು ಆರಂಭವಾಗುತ್ತವೆ, ಎಲ್ಲರೂ ಮಲಗಲು ಹೊರಟಾಗ ರಿಮೋಟು ನನ್ನ ಕೈಗೆ ಬರುತ್ತದೆ. ಹಳೆಯ ಎಲ್‌ಇಡಿ ಸೆಟ್ಟಿನ ಎಡಭಾಗದಲ್ಲಿ ಉದ್ದನೆಯ ಗೆರೆಯೊಂದು ಮೂಡಿ, ಕನ್ನಡದ ಸಮಸ್ತ ವಾರ್ತಾವಾಚಕರ ಬಲಗಿವಿಯನ್ನು ಸೀಳತೊಡಗಿದ ಮೇಲೆ ಹೊಸದು ಕೊಳ್ಳದೆ ವಿಧಿಯಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿದೆಯೆಂಬ ಸಮಾಧಾನವನ್ನು ಜೇಬಿನಲ್ಲಿಟ್ಟುಕೊಂಡು ಇಡೀ ಸಂಸಾರವೇ ಅಂಗಡಿಗೆ ಹೊರಟಿತು.

ಅಲ್ಲಿದ್ದ ಹುಡುಗ ನಮ್ಮನ್ನು ನೇರವಾಗಿ ಓಎಲ್‌ಇಡಿ ಎಂಬ ದುಬಾರಿ ಜಾತಿಯ ಟಿ.ವಿ.ಗಳ ಮುಂದೆ ನಿಲ್ಲಿಸಿದ. "ಸಾರ್, ಬ್ಲ್ಯಾಕ್ ನೋಡಿ ಸಾರ್, ಬ್ಲ್ಯಾಕ್" ಎಂದ. ಕಪ್ಪನ್ನು ಚೆನ್ನಾಗಿ ತೋರಿಸಬೇಕೆಂಬ ಉತ್ಸಾಹದಲ್ಲಿ ಆತ ಪರದೆ ಪೂರ್ತಿ ಕತ್ತಲಾಗುವ ಕ್ಷಣ ಬಂದೊಡನೆ ಚಿತ್ರವನ್ನು ನಿಲ್ಲಿಸಿಬಿಟ್ಟ. ನಾವು ಐವರೂ ಆ ಕಪ್ಪು ಗಾಜಿನ ಮುಂದೆ ಶ್ರದ್ಧೆಯಿಂದ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಅಪ್ಪ, "ಇನ್ನು ಆನ್ ಮಾಡಪ್ಪಾ" ಎಂದರು. "ಆನ್ ಆಗೇ ಇದೆ ಸಾರ್" ಎಂದ ಹುಡುಗ, ಹೆಮ್ಮೆಯಿಂದ. ಅಪ್ಪ ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅಂಗಡಿಯ ಸೀಲಿಂಗಿನ ದೀಪಗಳಷ್ಟೂ ಆ ಗಾಜಿನಲ್ಲಿ ಪ್ರತಿಫಲಿಸುತ್ತಿದ್ದುದರಿಂದ ನಮಗೆ ಕಾಣುತ್ತಿದ್ದದ್ದು ಕಪ್ಪಲ್ಲ, ನಾವೇ. ಅಮ್ಮ ಅದರಲ್ಲಿ ನೋಡಿಕೊಂಡು ಸೆರಗು ಸರಿಪಡಿಸಿಕೊಂಡರು, ಮಗಳು ಕೂದಲು ಹಿಂದಕ್ಕೆ ತಳ್ಳಿದಳು. ವಾಷಿಂಗ್ ಮಷೀನ್ ನೋಡಲು ಬಂದಿದ್ದ ದಂಪತಿ, ಇಷ್ಟು ಜನ ಇಷ್ಟು ಹೊತ್ತು ನೋಡುತ್ತಿರುವುದರಲ್ಲಿ ಏನೋ ವಿಶೇಷವಿರಬೇಕೆಂದು ನಮ್ಮ ಹಿಂದೆ ಬಂದು ನಿಂತರು. ಆ ಯಜಮಾನರು ಮೆಲ್ಲಗೆ, "ಏನು ಬರ್ತಿದೆ ಸಾರ್?" ಎಂದು ಕೇಳಿದಾಗ ಅಪ್ಪ, "ಕಪ್ಪು ಬರ್ತಿದೆಯಂತೆ" ಎಂದರು. ಅವರು "ಓಹೋ" ಎಂದು ತಲೆದೂಗಿ, ಮರ್ಯಾದೆಗಾಗಿ ಇನ್ನಷ್ಟು ಹೊತ್ತು ನೋಡಿ, ವಾಷಿಂಗ್ ಮಷೀನುಗಳ ಕಡೆಗೆ ತೆರಳಿದರು. ಪರದೆಯ ಮೂಲೆಗೆ ಅಂಟಿಸಿದ್ದ ಚೀಟಿಯಲ್ಲಿ ಬೆಲೆ ಮಾತ್ರ ನಿಚ್ಚಳವಾಗಿ ಕಾಣುತ್ತಿತ್ತು: ಲಕ್ಷದ ಗಡಿ ದಾಟಿತ್ತು.

ಹುಡುಗನನ್ನು ಪೂರ್ತಿ ಹಾಸ್ಯ ಮಾಡುವುದು ನ್ಯಾಯವಲ್ಲ, ಏಕೆಂದರೆ ಆತ ಹೇಳುತ್ತಿದ್ದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾವು ಎಲ್‌ಇಡಿ ಟಿ.ವಿ. ಎಂದು ಕರೆಯುವುದು ವಾಸ್ತವದಲ್ಲಿ ಎಲ್‌ಸಿಡಿಯೇ. ಹಿಂದಿನಿಂದ ಬೆಳಕು ಬಿಡುತ್ತಿದ್ದ ಸಣ್ಣ ಟ್ಯೂಬುಗಳ ಜಾಗಕ್ಕೆ ಎಲ್‌ಇಡಿ ಬಂದಿದೆ, ಅಷ್ಟೆ. ಉರಿಯುವ ದೀಪದ ಮುಂದೆ ಪರದೆ ಎಳೆದು ಕತ್ತಲಾಯಿತೆಂದು ಹೇಳಿದ ಹಾಗೆ, ಅಲ್ಲಿ ಕಪ್ಪು ಬೇಕಾದಾಗ ದ್ರವಸ್ಫಟಿಕಗಳು ತಿರುಗಿ ಬೆಳಕನ್ನು ತಡೆಯುತ್ತವೆ, ಆದರೆ ಎಷ್ಟೇ ತಡೆದರೂ ಒಂದಿಷ್ಟು ಸೋರಿ ಕಪ್ಪು ಬೂದಿಯಾಗುತ್ತದೆ. ಕ್ಯೂಎಲ್‌ಇಡಿಯೆಂದು ದೊಡ್ಡ ಅಕ್ಷರದಲ್ಲಿ ಬರೆದದ್ದೂ ಇದೇ ಕುಲದ್ದು. ಬಣ್ಣ ಚೆನ್ನಾಗಿ ಬರಲೆಂದು ಕ್ವಾಂಟಮ್ ಡಾಟ್‌ಗಳೆಂಬ ಅತಿ ಸೂಕ್ಷ್ಮ ಹರಳುಗಳ ತೆಳುವಾದ ಹಾಳೆಯೊಂದು ನಡುವೆ ಸೇರಿರುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ಬೆಳಕನ್ನು ನೂರಾರು, ಕೆಲವದರಲ್ಲಿ ಸಾವಿರಾರು ತುಣುಕುಗಳಾಗಿ ಒಡೆದು, ಬೇಕಾದ ಕಡೆ ಮಾತ್ರ ಮಂದಗೊಳಿಸುತ್ತಾರೆ. ಓಎಲ್‌ಇಡಿಯಲ್ಲಿ ಹಿಂದಿನ ಬೆಳಕೆಂಬುದೇ ಇಲ್ಲ. ಇಂಗಾಲದ ಸಂಯುಕ್ತಗಳ ಅತಿ ತೆಳುವಾದ ಪದರಗಳು ಕರೆಂಟು ಹರಿದಾಗ ತಾವೇ ಹೊಳೆಯುತ್ತವೆ. 4ಕೆ ಸೆಟ್ಟಿನಲ್ಲಿರುವ ಸುಮಾರು 83 ಲಕ್ಷ ಪಿಕ್ಸೆಲ್‌ಗಳಲ್ಲಿ ಪ್ರತಿಯೊಂದೂ ತನ್ನ ಬೆಳಕನ್ನು ತಾನೇ ಕೊಡುತ್ತದೆ, ಕಪ್ಪು ಬೇಕೆಂದಾಗ ತಾನೇ ಆರಿ ಕುಳಿತುಕೊಳ್ಳುತ್ತದೆ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಹತ್ತು ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಇಂತಹ ಪದರಗಳನ್ನು ಬೆಳಗಿಸಿ ತೋರಿಸಿದರು. 2007ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮೊದಲ ಓಎಲ್‌ಇಡಿ ಟಿ.ವಿ.ಯ ಅಳತೆ ಕೇವಲ 11 ಇಂಚು. 2013ರ ಹೊತ್ತಿಗೆ ಎಲ್‌ಜಿ 55 ಇಂಚಿನದನ್ನು ಅಂಗಡಿಗಿಟ್ಟಿತು. ಇಷ್ಟು ವರ್ಷಗಳ ವಿಜ್ಞಾನದ ಸಾಧನೆಯೆಲ್ಲ ಒಂದು ಪಿಕ್ಸೆಲ್ಲನ್ನು ಸರಿಯಾಗಿ ಆರಿಸುವುದರಲ್ಲಿದೆ.

ಆದರೆ ನನ್ನ ಸಂಕಟ ಬೇರೆ. ನಾನು ಹುಡುಗನನ್ನು, "ಈ ಗಿಳಿ ಸಾಕು, ಒಂದು ಕನ್ನಡ ವಾರ್ತಾವಾಹಿನಿ ಹಾಕಿ" ಎಂದು ಕೇಳಿದೆ. ಆತನ ಮುಖ ಇಳಿಯಿತು. ಅಂಗಡಿಯಲ್ಲಿ ಕೇಬಲ್ ಇಲ್ಲವೆಂದ, ವೈಫೈ ನಿಧಾನವೆಂದ, ಅದರಲ್ಲಿ ಕ್ವಾಲಿಟಿ ಗೊತ್ತಾಗುವುದಿಲ್ಲವೆಂದ. ಕ್ವಾಲಿಟಿ ಗೊತ್ತಾಗದಿದ್ದರೂ ನಾವು ನೋಡುವುದು ಅದನ್ನೇ ಎಂದು ಪಟ್ಟು ಹಿಡಿದಾಗ ಕೊನೆಗೆ ತನ್ನ ಫೋನಿನ ಹಾಟ್‌ಸ್ಪಾಟಿನಿಂದಲೇ ಹಾಕಿಕೊಟ್ಟ. ಮೇಲೆ ಕೆಂಪು ಪಟ್ಟಿಯಲ್ಲಿ ಬ್ರೇಕಿಂಗ್ ನ್ಯೂಸ್, ಕೆಳಗೆ ಹಳದಿ ಪಟ್ಟಿಯಲ್ಲಿ ಒಂದು ಸುದ್ದಿ, ಅದರ ಕೆಳಗೆ ಬಿಳಿ ಪಟ್ಟಿಯಲ್ಲಿ ಓಡುವ ಇನ್ನೊಂದು ಸುದ್ದಿ, ಬಲಕ್ಕೆ ಚಿನ್ನದ ದರ, ಮೂಲೆಯಲ್ಲಿ ಗಿರಗಿರ ತಿರುಗುವ ಲಾಂಛನ, ಇವೆಲ್ಲ ಬಿಟ್ಟುಕೊಟ್ಟ ಜಾಗದಲ್ಲಿ ಆರು ಕಿಂಡಿಗಳಿಂದ ಏಕಕಾಲಕ್ಕೆ ಕೂಗುತ್ತಿರುವ ಆರು ಜನ. ಆ ಪರದೆಯಲ್ಲಿ ಆರಿಸಲು ಅವಕಾಶವಿರುವ ಒಂದೇ ಒಂದು ಪಿಕ್ಸೆಲ್ಲನ್ನು ನಾನು ಹುಡುಕಿದೆ, ಸಿಗಲಿಲ್ಲ. ಅಮ್ಮನ ಧಾರಾವಾಹಿಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಅಲ್ಲಿ ನಡುರಾತ್ರಿಯಲ್ಲಿ ಕಳ್ಳ ಬಂದರೂ ಮನೆ ಮದುವೆ ಮಂಟಪದಷ್ಟು ಬೆಳಗುತ್ತಿರುತ್ತದೆ, ಅತ್ತೆ ಮಲಗಿದ್ದಲ್ಲೇ ಜರಿ ಸೀರೆಯಲ್ಲಿರುತ್ತಾಳೆ. ಕಪ್ಪಿಗಾಗಿ ಲಕ್ಷಕ್ಕೂ ಮೀರಿ ತೆತ್ತು, ಕಪ್ಪೇ ಇಲ್ಲದ ಕಾರ್ಯಕ್ರಮಗಳನ್ನು ನೋಡುವ ಈ ವ್ಯವಹಾರವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಇನ್ನೂ ಒಂದು ತೊಡಕು ಇದೆ, ಅಂಗಡಿಯವರು ಕೇಳದೆ ಅದನ್ನು ಹೇಳುವುದಿಲ್ಲ. ಓಎಲ್‌ಇಡಿಯ ಪಿಕ್ಸೆಲ್‌ಗಳು ಉರಿದಷ್ಟೂ ಸವೆಯುತ್ತವೆ. ಒಂದೇ ಲಾಂಛನ, ಒಂದೇ ಕೆಂಪು ಪಟ್ಟಿ ದಿನಕ್ಕೆ ಆರೇಳು ಗಂಟೆಯಂತೆ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಉರಿದರೆ ಅಲ್ಲಿನ ಪಿಕ್ಸೆಲ್‌ಗಳು ಉಳಿದವುಗಳಿಗಿಂತ ಬೇಗ ಮಂಕಾಗಿ, ಅದರ ಅಚ್ಚು ಶಾಶ್ವತವಾಗಿ ನಿಲ್ಲಬಹುದು. ಇದಕ್ಕೇ ಬರ್ನ್-ಇನ್ ಎನ್ನುವುದು. ಈಗಿನ ಸೆಟ್ಟುಗಳಲ್ಲಿ ಚಿತ್ರವನ್ನು ಕಣ್ಣಿಗೆ ಕಾಣದಷ್ಟು ಆಚೀಚೆ ಸರಿಸುವ, ಲಾಂಛನವನ್ನು ಗುರುತಿಸಿ ಮಂದಗೊಳಿಸುವ ಉಪಾಯಗಳಿರುವುದರಿಂದ ಸಾಮಾನ್ಯ ಬಳಕೆಯಲ್ಲಿ ಹೆದರುವಂತಹದ್ದೇನಿಲ್ಲ. ಆದರೆ ಅಪ್ಪನ ವಾರ್ತಾಪ್ರೇಮವನ್ನು ಸಾಮಾನ್ಯ ಬಳಕೆ ಎನ್ನಲು ಸಾಧ್ಯವೇ? ಎಕ್ಸ್‌ಟೆಂಡೆಡ್ ವಾರಂಟಿಯ ಗುಣಗಾನವನ್ನು ಹುಡುಗ ಬಹಳ ಹೊತ್ತು ಮಾಡಿದ. ಬರ್ನ್-ಇನ್ ಇದರಲ್ಲಿ ಸೇರುತ್ತದೆಯೇ ಎಂದು ಕೇಳಿದಾಗ, "ಅದೊಂದು ಬರಲ್ಲ ಸಾರ್, ಮಿಕ್ಕಿದ್ದೆಲ್ಲಾ ಬರುತ್ತೆ" ಎಂದ.

ಇಷ್ಟಕ್ಕೇ ಮಿನಿ ಎಲ್‌ಇಡಿಯ ಕಡೆ ತಿರುಗಿ ಮನೆಗೆ ಹೋಗುವುದು ವಿವೇಕವಾಗಿತ್ತು. ನಮ್ಮ ಹಾಲಿಗೆ ಪಶ್ಚಿಮದ ಕಿಟಕಿಯಿದೆ, ಮಧ್ಯಾಹ್ನದ ಬಿಸಿಲು ನೆಟ್ಟಗೆ ಗೋಡೆಗೆ ಬೀಳುತ್ತದೆ. ಅಂತಹ ಕೋಣೆಯಲ್ಲಿ ಹಗಲಿಡೀ ಟಿ.ವಿ. ಹಾಕುವವರಿಗೆ ಮಿನಿ ಎಲ್‌ಇಡಿಯ ಪ್ರಖರತೆಯೇ ಒಳ್ಳೆಯದೆಂದು ನಾನು ಈಗಲೂ ಯಾರಿಗಾದರೂ ಹೇಳುತ್ತೇನೆ. ಅಷ್ಟರಲ್ಲಿ ಅಪ್ಪ, ಹುಡುಗನ ಹಾಟ್‌ಸ್ಪಾಟ್ ಇನ್ನೂ ಹರಿಯುತ್ತಿರುವುದನ್ನು ಕಂಡು, ಹಳೆಯ ಕಪ್ಪು-ಬಿಳುಪು ಚಿತ್ರವೊಂದನ್ನು ಹಾಕಲು ಹೇಳಿದರು. ಆ ಕಾಲದ ಚಿತ್ರಗಳ ಅಗಲ ಕಡಿಮೆ. ಪರದೆಯ ಎರಡು ಬದಿಗೂ ಕಪ್ಪು ಪಟ್ಟಿ ಉಳಿಯುತ್ತದೆ. ಓಎಲ್‌ಇಡಿಯಲ್ಲಿ ಆ ಪಟ್ಟಿಗಳು ಪೂರ್ತಿ ಆರಿಹೋಗುವುದರಿಂದ ಅಪ್ಪ ಮೊದಲು, "ನೋಡಪ್ಪಾ, ಎರಡು ಪಕ್ಕದಲ್ಲೂ ಕೆಟ್ಟಿದೆ" ಎಂದು ದೂರಿದರು. ಹುಡುಗ ಕೂಡಲೇ ಗುಂಡಿಯೊತ್ತಿ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿದ. ನಾಯಕಿಯ ಮುಖ ಎರಡು ಸೇರು ದಪ್ಪವಾಯಿತು. ಅಮ್ಮ ಗದರಿ ಅದನ್ನು ಮತ್ತೆ ಮೊದಲಿನಂತೆ ಮಾಡಿಸಿದರು. ಆಮೇಲೆ ಯಾರೂ ಮಾತನಾಡಲಿಲ್ಲ. ನಾಯಕಿಯ ಜಡೆಯ ಕಪ್ಪು, ಬಾವಿಯ ನೀರಿನ ಕಪ್ಪು, ಅವಳ ಹಿಂದಿನ ರಾತ್ರಿಯ ಕಪ್ಪು ಬೇರೆಬೇರೆಯಾಗಿ ಕಾಣುತ್ತಿದ್ದವು. ಇದೇ ಚಿತ್ರವನ್ನು ಭಾನುವಾರದ ಸಂಜೆ ದೂರದರ್ಶನದಲ್ಲಿ ನೋಡುವಾಗ ನಮ್ಮ ಮರದ ಪೆಟ್ಟಿಗೆಯ ಟಿ.ವಿ.ಯಲ್ಲಿ ಎಲ್ಲವೂ ಮಸಿಯೇ ಆಗಿದ್ದರೂ, ಬೀದಿಯ ಅರ್ಧ ಜನ ನಮ್ಮ ಹಜಾರದಲ್ಲಿ ಚಾಪೆ ಹಾಸಿ ಕುಳಿತಿರುತ್ತಿದ್ದರು; ಆಂಟೆನಾ ತಿರುಗಿಸಲು ತಾರಸಿಗೆ ಹತ್ತಿದವನು ಮಾತ್ರ ಪ್ರತಿ ವಾರವೂ ಕ್ಲೈಮ್ಯಾಕ್ಸ್ ತಪ್ಪಿಸಿಕೊಳ್ಳುತ್ತಿದ್ದ. ಆತ ನನ್ನ ಚಿಕ್ಕಪ್ಪ. ಈಗ ಅವನೂ ಇಲ್ಲ, ಆ ಬೀದಿಯ ಮನೆಗಳೂ ಇಲ್ಲ. ಅಪ್ಪ ಹಾಡು ಮುಗಿಯುವವರೆಗೆ ನಿಂತೇ ಇದ್ದು, "ಇದನ್ನೇ ತಗೋ" ಎಂದರು.

ಅಪ್ಪನ ಬಾಯಿಂದ ಅಷ್ಟು ದುಡ್ಡಿನ ಮಾತು ಅಷ್ಟು ಸಲೀಸಾಗಿ ಬಂದದ್ದನ್ನು ಕೇಳಿ ಅಮ್ಮನೇ ಬೆಚ್ಚಿದರು. ಉಳಿದದ್ದು ಬೇಗ ಮುಗಿಯಿತು. ನೀಲಿ ಓಎಲ್‌ಇಡಿಯ ಮೇಲೆ ಕ್ವಾಂಟಮ್ ಡಾಟ್ ಹೊದಿಸಿದ ಕ್ಯೂಡಿ-ಓಎಲ್‌ಇಡಿಯ ಬಣ್ಣ ಮನಮೋಹಕವಾಗಿದ್ದರೂ, ಹೊರಗಿನ ಬೆಳಕು ಬಿದ್ದಾಗ ಅದರ ಕಪ್ಪು ನಸುಬೂದು ಬಣ್ಣಕ್ಕೆ ತಿರುಗುವುದನ್ನು ಅಂಗಡಿಯ ದೀಪಗಳ ಕೆಳಗೇ ಕಂಡಿದ್ದರಿಂದ, ಪಶ್ಚಿಮದ ಕಿಟಕಿಯನ್ನು ನೆನೆದು ಬಿಳಿ ಬೆಳಕಿನ ಮೇಲೆ ಬಣ್ಣದ ಫಿಲ್ಟರ್ ಹೊದಿಸಿದ ಬಿಳಿ ಓಎಲ್‌ಇಡಿಯ ಮಾದರಿಯನ್ನೇ ಆರಿಸಿದೆವು. ಸೋಫಾದಿಂದ ಗೋಡೆಗೆ ಒಂಬತ್ತು ಅಡಿ ಇರುವುದರಿಂದ 65 ಇಂಚು ಹೊಂದುತ್ತಿತ್ತು. ಆದರೆ ಅಮ್ಮನ ವಾಹಿನಿಗಳು ಎಚ್‌ಡಿ ಅಲ್ಲದ ಪ್ಯಾಕೇಜಿನಲ್ಲಿ ಬರುವುದರಿಂದ, ದೊಡ್ಡದಾದಷ್ಟೂ ಮಸುಕು ದೊಡ್ಡದಾಗುತ್ತದೆಂದು 55ಕ್ಕೆ ನಿಂತೆವು. ಮನೆಗೆ ಬಂದ ತಕ್ಷಣ ಕಣ್ಣು ಕುಕ್ಕುವ ವಿವಿಡ್ ಮೋಡ್ ತೆಗೆದು, ಸಿನಿಮಾ ಮಾಡಿದವರು ಬಯಸಿದ ಬಣ್ಣವನ್ನೇ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಹಾಕಿದೆ. ಎಲ್ಲರೂ ಟಿ.ವಿ.ಗೆ ಕಾಮಾಲೆಯಾಗಿದೆ ಎಂದರು. ಮರುದಿನಕ್ಕೆ ಒಗ್ಗಿಕೊಂಡರು. ಗೆರೆ ಬಿದ್ದ ಹಳೆಯ ಸೆಟ್ಟನ್ನು ಊಟದ ಮನೆಗೆ ಸಾಗಿಸಿ ವಾರ್ತೆಗೆಂದೇ ಮೀಸಲಿಟ್ಟೆ. ವಾರ್ತಾವಾಚಕರಿಗೆ ಕಿವಿ ಸೀಳಿದ್ದರೆ ಏನೂ ನಷ್ಟವಿಲ್ಲ. ಅವರು ಯಾರ ಮಾತನ್ನೂ ಕೇಳುವುದಿಲ್ಲ.

ಈಗ ಉಳಿದಿರುವುದು ಸ್ವಿಚ್ಚಿನ ಸಮಸ್ಯೆ. ಅಪ್ಪ ಟಿ.ವಿ.ಯನ್ನು ರಿಮೋಟಿನಿಂದ ಆರಿಸುವುದನ್ನು ಆರಿಸುವುದೆಂದೇ ಒಪ್ಪುವುದಿಲ್ಲ. ಗೋಡೆಯ ಸ್ವಿಚ್ಚು ಟಕ್ ಎಂದು ಸದ್ದು ಮಾಡಬೇಕು, ಕೆಂಪು ದೀಪ ಹೋಗಬೇಕು, ಆಗಷ್ಟೇ ಅವರಿಗೆ ನಿದ್ದೆ. ಸಿಡಿಲಿನ ಭಯ ಒಂದು ಕಾರಣ, ಕರೆಂಟು ಬಿಲ್ಲು ಇನ್ನೊಂದು. ಗೃಹಜ್ಯೋತಿ ಬಂದ ಮೇಲಂತೂ 200 ಯೂನಿಟ್ಟಿನ ಗೆರೆಯನ್ನು ಅವರು ಗಡಿಯ ಯೋಧನಂತೆ ಕಾಯುತ್ತಿದ್ದಾರೆ. ಓಎಲ್‌ಇಡಿಯೋ, ನಾಲ್ಕು ಗಂಟೆಯಷ್ಟು ಓಡಿದ ಮೇಲೆ, ರಿಮೋಟಿನಿಂದ ಆರಿಸಿ ಎಲ್ಲರೂ ಎದ್ದು ಹೋದಾಗ ಹತ್ತು ನಿಮಿಷದಷ್ಟು ಕಾಲ ಮೌನವಾಗಿ ತನ್ನ ಪಿಕ್ಸೆಲ್‌ಗಳ ಸವೆತವನ್ನು ತಾನೇ ಅಳೆದು ಸರಿಪಡಿಸಿಕೊಳ್ಳುತ್ತದೆ. ಅದಕ್ಕೆ ಸ್ವಿಚ್ಚು ಹಾಕಿಯೇ ಇರಬೇಕು. ಸ್ಟ್ಯಾಂಡ್‌ಬೈನಲ್ಲಿ ಅದು ಎಳೆಯುವುದು ಅರ್ಧ ವ್ಯಾಟಿನ ಆಸುಪಾಸು, ವರ್ಷವಿಡೀ ಹಾಕಿಟ್ಟರೂ ಐದು ಯೂನಿಟ್ಟು ದಾಟುವುದಿಲ್ಲ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅಪ್ಪ ಲೆಕ್ಕವನ್ನು ಎರಡು ಸಲ ಓದಿ, ಗುಣಾಕಾರ ಸರಿಯಿದೆಯೆಂದು ಒಪ್ಪಿ, ಎದ್ದು ಹೋಗಿ ಸ್ವಿಚ್ಚು ಆರಿಸಿದರು. ಸ್ವಿಚ್ಚಿನ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿದೆ. ಮಕ್ಕಳ ಕಿತಾಪತಿಯೆಂದು ಕಿತ್ತರು. ಕೊನೆಗೆ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಪ್ಲಗ್ಗನ್ನೇ ಟಿ.ವಿ.ಯ ಹಿಂದಕ್ಕೆ, ಯಾರ ಕೈಗೂ ಎಟುಕದ ಜಾಗಕ್ಕೆ ಸರಿಸಿದೆ.

ಅಪ್ಪ ಜಗಳವಾಡಲಿಲ್ಲ. ಬಾಗಿಲ ಪಕ್ಕದ ಪೆಟ್ಟಿಗೆ ತೆರೆದು, ಇಡೀ ಹಾಲಿನ ಕರೆಂಟನ್ನೇ ಕಡಿಯುವ ಎಂ.ಸಿ.ಬಿ.ಯನ್ನು ಕೆಳಕ್ಕಿಳಿಸುವುದನ್ನು ಕಲಿತರು. ಅದೇ ಸಾಲಿನಲ್ಲಿ ವೈಫೈ ರೂಟರೂ ಇದೆ. ರಾತ್ರಿ ಹತ್ತೂವರೆಗೆ ಸರಿಯಾಗಿ, ಅಮೆರಿಕದ ಮೇಲಧಿಕಾರಿಗಳ ಮುಂದೆ ನನ್ನ ಹೆಂಡತಿ ಅರ್ಧ ಬಾಯಿ ತೆರೆದಂತೆಯೇ ಸ್ತಬ್ಧಳಾಗಿಬಿಡುತ್ತಾಳೆ. ರೂಟರಿಗೆ ಬೇರೆ ಲೈನ್ ಎಳೆಯಬೇಕೆಂದು ಎಲೆಕ್ಟ್ರಿಷಿಯನ್ನಿಗೆ ಮೊನ್ನೆಯಿಂದ ಫೋನು ಮಾಡುತ್ತಲೇ ಇದ್ದೇನೆ. ಅವನದೂ ಸ್ವಿಚ್ ಆಫ್ ಆಗಿದೆ.