ಆ ‘ಒಂದು ಗಂಟೆ’ ಅನ್ನುವ ಮಾತು

ಮೊನ್ನೆ ಊರಿನ ಮದುವೆಯಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಎಲೆಯ ಹಿರಿಯರು ಅಮ್ಮನ ಎದುರೇ ಕೇಳಿದರು, "ಬೆಂಗಳೂರಿಂದ ವಿಮಾನದಲ್ಲಿ ಒಂದು ಗಂಟೆ ಅಲ್ವಾ ಮಾರಾಯ್ರೆ, ತಿಂಗಳಿಗೊಮ್ಮೆ ಬಂದು ಹೋಗ್ಲಿಕ್ಕೆ ಏನು ಕಷ್ಟ?" ಅಮ್ಮ ತಲೆ ಎತ್ತಲಿಲ್ಲ. ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದಳು. ನನಗೆ ಪಾಯಸ ಗಂಟಲಿಂದ ಕೆಳಗೆ ಇಳಿಯಲಿಲ್ಲ.

ಈ ಒಂದು ಗಂಟೆಯ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬೆಂಗಳೂರಿನ ವಿಮಾನ ನಿಲ್ದಾಣ ಇರುವ ದೇವನಹಳ್ಳಿಯಿಂದ ಮಂಗಳೂರಿನ ನಿಲ್ದಾಣ ಇರುವ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಟಿಕೆಟ್ಟಿನಲ್ಲಿರುವ ಒಂದು ಗಂಟೆ ಅಂದರೆ ವಿಮಾನ ಅಲ್ಲಿ ಕದಲಿದಲ್ಲಿಂದ ಇಲ್ಲಿ ನಿಲ್ಲುವವರೆಗೆ. ಗಾಳಿಯಲ್ಲಿ ಇರುವುದು ಮುಕ್ಕಾಲು ಗಂಟೆ ಇರಬಹುದು. ಆದರೆ ನಾನು ದೇವನಹಳ್ಳಿಯಲ್ಲಿ ಇಲ್ಲ, ಜಯನಗರದಲ್ಲಿದ್ದೇನೆ. ಅಮ್ಮ ಬಜ್ಪೆಯಲ್ಲಿಲ್ಲ. ನಮ್ಮ ಮನೆ ಇರುವುದು ಉಪ್ಪಿನಂಗಡಿ ಹತ್ತಿರ.

ಬೆಳಿಗ್ಗೆ ಒಂಬತ್ತರ ವಿಮಾನಕ್ಕೆ ಆರು ಗಂಟೆಗೆ ಮನೆ ಬಿಡುತ್ತೇನೆ. ಹೆಬ್ಬಾಳ ದಾಟುವವರೆಗೆ ಜೀವ ಕೈಯಲ್ಲಿ. ಬ್ಯಾಗ್ ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಆಮೇಲೆ ತಪಾಸಣೆ, ಸಾಲು, ಕಾಯುವುದು. ಘಟ್ಟ ದಾಟಿದ ವಿಮಾನ ನಮ್ಮೂರನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ಹೋಗಿ ಇಳಿಯುತ್ತದೆ. ಅಲ್ಲಿಂದ ಬಿ.ಸಿ. ರೋಡ್, ಮಾಣಿ ಅಂತ ನಾನು ಮತ್ತೆ ಬೆಂಗಳೂರಿನ ದಿಕ್ಕಿಗೇ ವಾಪಸ್ ಬರಬೇಕು. ಮನೆ ಮೆಟ್ಟಿಲು ಹತ್ತುವಾಗ ಹನ್ನೆರಡೂವರೆ. ಆರೂವರೆ ಗಂಟೆ ಆಯಿತು. ಶಿರಾಡಿ ಘಾಟಿಯಲ್ಲಿ ಕಾರಲ್ಲಿ ಬಂದಿದ್ದರೂ ಹೆಚ್ಚುಕಡಿಮೆ ಅಷ್ಟೇ.

ಮಂಗಳೂರು ಪೇಟೆಯಲ್ಲೇ ಮನೆ ಇದ್ದವರಿಗೆ ವಿಮಾನದಿಂದ ಸಮಯ ಉಳಿಯುತ್ತದೆ, ಒಪ್ಪುತ್ತೇನೆ. ಘಾಟಿ ಬಂದ್ ಆದಾಗಲೂ ವಿಮಾನವೇ ಗತಿ. 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಗುಡ್ಡ ಜಾರಿ ರೈಲೂ ನಿಂತಿತ್ತಲ್ವಾ? ಆದರೆ ಅಂಥ ದಿನ ಟಿಕೆಟ್ ದರ ನೋಡಿದ್ದೀರಾ? ಸಂಬಳದ ಮನುಷ್ಯ ತಿಂಗಳಿಗೊಮ್ಮೆ ಕೊಡುವ ದುಡ್ಡಲ್ಲ ಅದು.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಈ ಮಾತನ್ನು ಅಮ್ಮನಿಗೆ ಮೊದಲು ಹೇಳಿದ್ದು ನಾನೇ. ಒಂದು ಮಳೆಗಾಲ ವಿಮಾನ ಹತ್ತುವ ಮುಂಚೆ ಫೋನ್ ಮಾಡಿ, "ಒಂದು ಗಂಟೆ ಅಷ್ಟೇ ಅಮ್ಮ, ಬಂದೆ" ಅಂದೆ. ಬಜ್ಪೆಯದು ಗುಡ್ಡದ ತಲೆ ಸವರಿ ಮಾಡಿದ ರನ್‌ವೇ. ಮೋಡ ಕವಿದು ದಾರಿ ಕಾಣದಿದ್ದರೆ ಇಳಿಸುವುದಿಲ್ಲ, ಇಳಿಸಲೂಬಾರದು. ಅವತ್ತು ಮೇಲೆಯೇ ಸುತ್ತು ಹಾಕಿ ಬೆಂಗಳೂರಿಗೆ ವಾಪಸ್ ಹೋಗಿ, ಮಳೆ ಬಿಟ್ಟ ಮೇಲೆ ಮತ್ತೆ ಬಂದೆವು. ಮನೆಗೆ ಮುಟ್ಟುವಾಗ ಸಂಜೆ ಐದು. ಮೇಜಿನ ಮೇಲೆ ಎರಡು ಬಟ್ಟಲು ಕವುಚಿ ಇಟ್ಟಿತ್ತು. ಕುಚ್ಚಲಕ್ಕಿ ಅನ್ನ ತಣ್ಣಗಾಗಿ ಗಟ್ಟಿ ಕೂತಿತ್ತು. ಸಕ್ಕರೆ ಕಾಯಿಲೆಯ ಅಮ್ಮ ಒಂದು ತುತ್ತೂ ಉಂಡಿರಲಿಲ್ಲ. "ಒಂದು ಗಂಟೆ ಅಂದಿದ್ದೆಯಲ್ಲ" ಅಂದಳು, ಅಷ್ಟೇ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಕಾದು ಕೂತವರ ಎದುರು ಆ ಲೆಕ್ಕ ಹೇಳಬೇಡಿ. ಅವರು ಅದನ್ನು ಪ್ರೀತಿಯ ಅಳತೆ ಅಂತ ಹಿಡಿದುಕೊಳ್ಳುತ್ತಾರೆ.

ಮದುವೆ ಮುಗಿಸಿ ಹೊರಡುವಾಗ ಅಮ್ಮನಿಗೆ ಹೇಳಿ ಬಂದೆ. ಬರುವ ತಿಂಗಳು ಎರಡನೇ ಶನಿವಾರ ಬರ್ತೇನೆ, ಮಧ್ಯಾಹ್ನ ದಾಟಬಹುದು, ನೀನು ಊಟ ಮಾಡಿರು.